ಗಾಳಿ ನಿಲ್ಲದ ಸೈಕಲ್ಲು

ಬಟ್ಟೆ ನೆನೆಹಾಕುವ ಮುಂಚೆ ಜೇಬು ತಡಕುವುದು ಆ ಮನೆಯಲ್ಲಿ ತಪ್ಪದ ಕೆಲಸ. ದರ್ಜಿಯ ಮನೆ, ಯಾವ ಜೇಬಿನಲ್ಲಿ ಯಾವ ಸೂಜಿ ಹೊಂಚುಹಾಕಿ ಕೂತಿರುತ್ತದೋ. ಮಗಳ ಸ್ಕೂಲು ಲಂಗದ ಜೇಬಿಗೆ ಕೈಹಾಕಿದ ಅಮ್ಮನಿಗೆ ಅವತ್ತು ಸಿಕ್ಕಿದ್ದು ಸೂಜಿಯಲ್ಲ, ಕಡಲೆಕಾಳಿನ ಗಾತ್ರದ ಒಂದು ಕಪ್ಪು ಮುಚ್ಚಳ. ಇದೇನಪ್ಪಾ ಎಂದು ಬೆಳಕಿಗೆ ಹಿಡಿಯುವಷ್ಟರಲ್ಲಿ ಹೊರಗಿನಿಂದ ಗಂಡನ ಕೂಗು.

“ಲೇ, ಇವತ್ತೂ ಗಾಳಿ ಇಲ್ಲ ಕಣೇ!”

ಸೈಕಲ್ಲಿನ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ದರ್ಜಿ ಕುಕ್ಕರಗಾಲಿನಲ್ಲಿ ಕೂತು ಟೈರನ್ನು ಹಿಸುಕಿ ಹಿಸುಕಿ ನೋಡುತ್ತಿದ್ದ.

“ಪಂಕ್ಚರ್ ಅಂಗಡಿಯವನು ನಿನ್ನೆ ಟ್ಯೂಬ್ ಬಿಚ್ಚಿ ನೀರಲ್ಲಿ ಮುಳುಗಿಸ್ದ. ಒಂದು ಗುಳ್ಳೆ ಬರ್ಲಿಲ್ಲ. ‘ಟ್ಯೂಬ್ ನೆಟ್ಟಗಿದೆ ಟೈಲರೇ, ನಿಮಗೇ ತುಳಿಯೋಕೆ ಸೋಮಾರಿತನ’ ಅಂತ ನನ್ನೇ ಆಡ್ಕೊಂಡ.”

“ಅವನ ಮಾತು ಬಿಡಿ. ಪಕ್ಕದ ಮನೆಯವರ ಪಂಪು ಕೇಳ್ಲಾ?”

“ಅವರು ಏಳೋ ಹೊತ್ತಿಗೆ ನಾನು ಅಂಗಡಿ ಬಾಗಿಲು ತೆಗೀಬೇಕು. ಈ ವಾರ ಪೂರ್ತಿ ಹೀಗೇ ಹಾಳಾಯ್ತು. ನಾಳೆ ಪರೀಕ್ಷೆಗೆ ರಕ್ತ ಕೊಡ್ಬೇಕು. ಏನು ಕಾದಿದೆಯೋ.”

ಅವನ ದಿಗಿಲು ಸುಮ್ಮನೆ ಅಲ್ಲ. ಹೊಲಿಗೆ ಯಂತ್ರಕ್ಕೆ ಮೋಟರು ಹಾಕಿಸಿದ ಮೇಲೆ ಕಾಲಿಗಿದ್ದ ಒಂದೇ ಕೆಲಸವೂ ತಪ್ಪಿತ್ತು. ಕೂತಲ್ಲೇ ಕೂತು ಹೊಟ್ಟೆ ಬೆಳೆಯಿತು, ಅದರ ಹಿಂದೆಯೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮಾತ್ರೆಯೊಂದರಿಂದಲೇ ಆಗದು, ಮೈ ಬಗ್ಗಿಸದಿದ್ದರೆ ಮುಂದೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದೀತು ಎಂದಿದ್ದರು ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಸೂಜಿ ಹಿಡಿಯುವ ಮನುಷ್ಯನಿಗೆ ಆ ಒಂದು ಸೂಜಿಯ ಹೆಸರು ಕೇಳಿ ಎದೆ ಧಸಕ್ಕೆಂದಿತ್ತು. ಅಂದಿನಿಂದ ಬೆಳಗ್ಗೆ ಕಾಲುವೆ ದಂಡೆಯ ಮೇಲೆ ಸೈಕಲ್ಲು, ಸಕ್ಕರೆಯಿಲ್ಲದ ಚಹಾ, ಅರ್ಧ ತಟ್ಟೆ ತರಕಾರಿ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಮುಖ ಹುಳ್ಳಗೆ ಮಾಡಿಕೊಂಡಾದರೂ ಎಲ್ಲವನ್ನೂ ಪಾಲಿಸಿದ. ಕಳೆದ ಸಲ ಸಕ್ಕರೆ ಚೆನ್ನಾಗಿ ಇಳಿದಿತ್ತು. ಇಳಿದಲ್ಲೇ ನಿಂತರೆ ಮಾತ್ರೆ ಕಡಿಮೆ ಮಾಡೋಣ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದರು. ಆಗಲೇ ಶುರುವಾಯಿತು ಈ ಗಾಳಿಯ ಕಾಟ.

ಅಮ್ಮ ಚಕ್ರದ ಹತ್ತಿರ ಬಗ್ಗಿದಳು. ವಾಲ್ವಿನ ತಲೆ ಬೋಳಾಗಿತ್ತು; ಮುಚ್ಚಳ ತೆಗೆದು ಯಾರೋ ಗಾಳಿ ಬಿಟ್ಟಿದ್ದರು. ಎಲ್ಲವೂ ಅರ್ಥವಾಗಿ ಅವಳು ತಿರುಗಿ ನೋಡಿದಳು. ಅಪ್ಪ ಪ್ರೀತಿಯಿಂದ ಗುಂಡುಸೂಜಿ ಎಂದು ಕರೆಯುವ ಆರು ವರ್ಷದ ಮಗಳು ಕೆದರಿದ ಕೂದಲಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಅಪ್ಪ ಇವತ್ತೂ ಹೋಗಲ್ಲ ಅಲ್ವಾ?” ಎಂದಳು. ಆ ದನಿಯಲ್ಲಿ ಬೇಸರವಿರಲಿಲ್ಲ, ನೆಮ್ಮದಿಯಿತ್ತು.

ಅಮ್ಮ ಒದ್ದೆ ಅಂಗೈ ಬಿಚ್ಚಿ ಕಪ್ಪು ಮುಚ್ಚಳ ತೋರಿಸಿದಳು. ಗುಂಡುಸೂಜಿಯ ನೋಟ ನೆಲಕ್ಕಿಳಿಯಿತು.

“ಓಹೋ! ಕಳ್ಳರು ಮನೆಯೊಳಗೇ ಇದ್ದಾರೆ!” ದರ್ಜಿ ಎದ್ದು ನಿಂತ. “ಪಾಪ, ನಾನು ಆ ಪಂಕ್ಚರಿನವನ ಹತ್ರ ಜಗಳ ಆಡ್ಕೊಂಡು ಬಂದೆ. ಯಾಕೇ ಹೀಗ್ಮಾಡ್ದೆ? ನಾಳೆ ನಂಗೆ ಸೂಜಿ ಚುಚ್ಚೋಕೆ ಬಂದ್ರೆ ನನ್ನ ಬದಲು ನೀನು ಕೈ ಚಾಚ್ತೀಯಾ?”

“ರೀ, ಗದರಿಸ್ಬೇಡಿ,” ಎಂದು ಅಮ್ಮ ಮೆಟ್ಟಿಲ ಮೇಲೆ ಕೂತಳು. “ಹೇಳು ಕಂದಾ. ಬಯ್ಯಲ್ಲ.”

ಮಗಳು ಕಾಲ್ಬೆರಳಿನಿಂದ ಹೊಸ್ತಿಲು ಕೆರೆಯುತ್ತಾ ನಿಂತಳು. ಬಕೆಟ್ಟಿನಲ್ಲಿ ನೊರೆ ಇಳಿಯಿತು, ಒಲೆಯ ಮೇಲೆ ನೀರು ಕುದಿಯುವ ಸದ್ದಾಯಿತು, ಅಮ್ಮ ಏಳಲಿಲ್ಲ. ಕಾದು ಕಾದು ತಾಳ್ಮೆ ಕೆಟ್ಟವನು ದರ್ಜಿಯೇ.

“ಹೇಳದಿದ್ರೆ ಬಿಡಮ್ಮ. ಸೈಕಲ್ ಕೈಕೊಟ್ರೂ ಕಾಲಿವೆಯಲ್ಲ. ನಡ್ಕೊಂಡೇ ಹೋಗ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡ.

ಅವನು ಒಂದು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಗುಂಡುಸೂಜಿ ಓಡಿಬಂದು ಹಿಂದಿನಿಂದ ಅವನ ಸೊಂಟವನ್ನು ತಬ್ಬಿ ಹಿಡಿದಳು.

“ಬಿಡೇ, ಹೊತ್ತಾಯ್ತು.”

“ಬಿಡಲ್ಲ! ಅಪ್ಪನ ಮೈಯಲ್ಲಿ ಸಕ್ಕರೆ ಇದೆ ಅಂತ ಅಮ್ಮನೇ ಹೇಳಿದ್ದು. ನೀನು ದಿನಾ ಬೆವತು ಒದ್ದೆಮುದ್ದೆ ಆಗಿ ಬರ್ತೀಯ. ಅಂಗಡಿಗೆ ಬಂದೋರೆಲ್ಲ ‘ಏನು ಟೈಲರೇ, ಹೀಗೆ ಕರಗಿಬಿಟ್ಟಿದ್ದೀರಿ’ ಅಂತಾರೆ. ನೀನು ನಗ್ತೀಯ!”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಂದಿದ್ದಕ್ಕೋ ಅಳು ಬಂದಿದ್ದಕ್ಕೋ ಅವಳಿಗೇ ತಿಳಿಯಲಿಲ್ಲ.

“ಅಯ್ಯೋ ಹುಚ್ಚಿ, ಆ ಕರಗೋದು ಒಳ್ಳೇದು ಕಣೇ,” ಎಂದ ದರ್ಜಿ.

“ಸುಳ್ಳು. ಮೊದಲು ಹೀಗೆ ತಬ್ಬಿದ್ರೆ ಒಂದು ಕೈಗೆ ಇನ್ನೊಂದು ಕೈ ಸಿಗ್ತಾನೇ ಇರ್ಲಿಲ್ಲ. ಈಗ ನೋಡು.”

ದರ್ಜಿ ಬಗ್ಗಿ ನೋಡಿದ. ಅವನ ಹೊಟ್ಟೆಯ ಮೇಲೆ ಪುಟ್ಟ ಬೆರಳುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಭದ್ರವಾಗಿ ನಿಂತಿದ್ದವು. ಬದುಕೆಲ್ಲ ಊರವರ ಸೊಂಟ ಅಳೆದವನು ತನ್ನ ಸೊಂಟದ ಅಳತೆಯನ್ನು ಹೀಗೆ ಯಾರಾದರೂ ಹಿಡಿದಾರು ಎಂದುಕೊಂಡಿರಲಿಲ್ಲ. ನಾಳೆಯ ರಕ್ತಪರೀಕ್ಷೆಯ ಹೆದರಿಕೆ ಸದ್ದಿಲ್ಲದೆ ಸಡಿಲವಾಯಿತು. ಆ ಬೆರಳುಗಳ ಮೇಲೆ ತನ್ನ ಕೈ ಮುಚ್ಚಿದ.

ಅವನ ಬೆನ್ನಿಗೆ ಕೆನ್ನೆ ಒತ್ತಿಕೊಂಡೇ ಮಗಳು ಕೇಳಿದಳು:

“ನೀನು ಇನ್ನೂ ಕರಗ್ತಾ ಹೋದ್ರೆ... ಒಂದಿನ ನಾನು ತಬ್ಬಿಕೊಂಡಾಗ, ನನ್ನ ಕೈಯೊಳಗೆ ನೀನು ಇರ್ತೀಯಾ ಅಪ್ಪಾ?”