ರೇವಣಸಿದ್ದನ ಡಬ್ಬಿ

"ಕಂಪ್ಯೂಟರ್ ಜೀವಾನೇ ಕಿತ್ಕೊಂಡು ಹೋಗವ್ನೆ, ಕಳ್ಳ ನನ್ ಮಗ," ಎಂದು ಹಲ್ಲು ಕಡಿಯುತ್ತ ನಂಜುಂಡಪ್ಪ ಹೇರೋಹಳ್ಳಿಯ ಗುಂಡಿಗಳ ಮೇಲೆಲ್ಲ ಸ್ಕೂಟರ್ ಹಾರಿಸಿದ. ಹಿಂದಿನ ದಿನ ಮಹಡಿ ರೂಮು ಖಾಲಿ ಮಾಡಿದ್ದ ಬಾಡಿಗೆ ಹುಡುಗ ರೇವಣಸಿದ್ದನನ್ನು ಹುಡುಕಿ, ಹಿಂದೆ ಕೂರಿಸಿಕೊಂಡೇ ವಾಪಸು ಬಂದ.

ರೂಮು ಬಾಮೈದ ಮುನಿರಾಜುವಿಗೆ ಬೇಕಿತ್ತು. ಹೋಗು ಎಂದಾಗ ಹುಡುಗ, ಓದಿಗೆಂದು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿಕೊಳ್ಳುತ್ತಿದ್ದ ತನ್ನ ಡಬ್ಬಿಯನ್ನೂ ಕಿತ್ತುಕೊಂಡು ಹೋಗಿದ್ದ. ಬೆಳಿಗ್ಗೆ ಮಗಳು ಲತಾ ಕಂಪ್ಯೂಟರಿನ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬರೀ ಎರರ್. ಅವಳ ಕಾಲೇಜಿನ ಪ್ರಾಜೆಕ್ಟೆಲ್ಲ ಅದರೊಳಗೆ. ಅವಳು ಅತ್ತ ಕಣ್ಣೀರಿಗೆ ಸಂಪು ತುಂಬುತ್ತಿತ್ತು.

ರೇವಣಸಿದ್ದ ತನ್ನ ಹಾರ್ಡ್ ಡಿಸ್ಕಿನ ಡಬ್ಬಿ ತಂದು ಚುಚ್ಚಿದ. ಕಂಪ್ಯೂಟರ್ ಎದ್ದು ಕೂತಿತು. ಡಬ್ಬಿ ಕಿತ್ತು ಮತ್ತೆ ಶುರು ಮಾಡಿದ. ಎರರ್.

"ತಪ್ಪಾಗೇತ್ರಿ ಅಣ್ಣಾರ. ವಿಂಡೋಸಿನಂಥಾದ್ದ ಲಿನಕ್ಸ್ ಅಂತ ಒಂದನ್ನ ನನ್ನ ಡಬ್ಬ್ಯಾಗ ಹಾಕೀನಿ, ಅದನ್ನ ಎಬ್ಬಸೋ ಬೂಟ್‌ಲೋಡರ್ ನಿಮ್ಮ ಕಂಪ್ಯೂಟರ್‌ನ್ಯಾಗ ಕುಂತೈತಿ. ಡಬ್ಬಿ ಕಾಣ್ಲಿಲ್ಲಂದ್ರ ವಿಂಡೋಸನ್ನೂ ಏಳಾಕ ಬಿಡಂಗಿಲ್ಲ. ಇದರ ಜೋಡಿ ಬಂದಿದ್ದ ವಿಂಡೋಸ್ ಸಿಡಿ ಕೊಡ್ರಿ, ಚಾ ಕುಡಿಯೋದ್ರಾಗ ಸರಿ ಮಾಡ್ತೀನಿ."

ಮನೆ ತಲೆಕೆಳಗಾಯಿತು. ಬೀರು, ಅಟ್ಟ, ದೇವರ ಗೂಡು, ಕಡೆಗೆ ರಾಗಿ ಡಬ್ಬದೊಳಗೂ ಕೈ ಹೋಯಿತು. ಸಿಡಿ ಇಲ್ಲ.

ನಂಜುಂಡಪ್ಪನ ತಾಯಿ ಬೋರಮ್ಮ ಮಾತ್ರ ಹಿತ್ತಿಲ ಜಗಲಿಯಲ್ಲಿ ಚೌಕಾಬಾರದ ಮನೆ ಗೀಚುತ್ತ ಕೂತಿದ್ದಳು. ಮಧ್ಯಾಹ್ನ ಅವಳೊಡನೆ ಕವಡೆ ಹಾಕಿ, ಅವಳ ಮೋಸವನ್ನೆಲ್ಲ ಸಹಿಸಿ ಸೋಲುವ ಗಂಡಸು ಭೂಮಂಡಲದಲ್ಲಿ ಒಬ್ಬನೇ ಇದ್ದ. ಅವನೇ ರೇವಣಸಿದ್ದ. ಜಗಲಿಯ ಮೇಲಕ್ಕೆ ಬಾಗಿದ ಸೀಬೆ ಗಿಡ. ಗಿಳಿ ಬೆದರಲೆಂದು ಅವಳು ಕಟ್ಟಿದ್ದ ಹಾಳು ಸಿನಿಮಾ ಸಿಡಿಗಳು ಕೊಂಬೆ ಕೊಂಬೆಗೂ ಮಿರಮಿರ ಮಿಂಚುತ್ತಿದ್ದವು.

"ಮನೆ ಒಳ್ಗಿದ್ರೆ ಸಿಗ್ದೆ ಎಲ್ಲೋಗ್ತದ್ಲಾ? ಹುಡುಕು," ಎಂದು ಅವಳು ಮಗನಿಗೆ ಹೇಳಿದಳು.

ರೇವಣಸಿದ್ದ ಬೆವರು ಒರೆಸಿಕೊಂಡು, ಕೆಳಗಿನ ಕೊಂಬೆಯ ಸಿಡಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ.

ಸಂಜೆಗೆ ನಂಜುಂಡಪ್ಪ ಸೋತ. ಡಬ್ಬಿ ಬಿಟ್ಟು ಹೋಗು ಎಂದರೆ, ಹುಡುಗನ ಓದೆಲ್ಲ ಅದರೊಳಗೇ ಇತ್ತು. ಸಿಡಿ ಸಿಗುವ ತನಕ ಡಬ್ಬಿಯೂ ಹುಡುಗನೂ ಮಹಡಿಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ಮುನಿರಾಜು ಮುಖ ಊದಿಸಿಕೊಂಡು ಅನ್ನಪೂರ್ಣೇಶ್ವರಿ ನಗರದಲ್ಲಿ ಬೇರೆ ರೂಮು ಹಿಡಿದ.

ಮರುದಿನ ಬೋರಮ್ಮ ಕವಡೆ ಕುಲುಕುವಾಗ ಗಾಳಿ ಬೀಸಿತು. ತಲೆ ಬಾಚುತ್ತಿದ್ದ ರೇವಣಸಿದ್ದನೆದುರು ಕೆಳಗಿನ ಕೊಂಬೆಯ ಸಿಡಿ ಗಿರ್ರನೆ ಹೊರಳಿತು. ಅದರ ಬೆನ್ನ ಮೇಲೆ ವಿಂಡೋಸ್ ಎಂಬ ಅಚ್ಚು. ಅವನು ಅದನ್ನು ಮೆಲ್ಲಗೆ ಮೊದಲಿನಂತೆ ತಿರುಗಿಸಿದ.

"ನೀವು ಕಟ್ಟಿದ ದಾರ ಸಡ್ಲಾಗೇತ್ರಿ ಅಜ್ಜಿ," ಎಂದ, "ಇನ್ನೊಂದು ಗಂಟು ಹಾಕ್ರಿ."