ಉರಿಯದ ಕೆಂಪು ದೀಪ

"ನೋಡಿ ಮೇಷ್ಟ್ರೇ, ಆಯಿಲಿನ ಕೆಂಪು ದೀಪ ಉರೀತಾನೇ ಇಲ್ಲ. ಇಂಜಿನ್ ನನ್ನ ತಂಗೀನೇ ಬಿಚ್ಚಿ ಕಟ್ಟಿದ್ದು," ಎಂದ ಅಣ್ಣ, ಹಳೆಯ ಪುಟ್ಟ ಕಾರಿನ ಕೀಲಿಯನ್ನು ಅರ್ಧ ತಿರುಗಿಸಿ. ಕಾರು ಕೊಳ್ಳಲು ಬಂದಿದ್ದ ಮೇಷ್ಟ್ರು ತಲೆದೂಗಿದರು. ಗ್ಯಾರೇಜು ನಡೆಸುವ ತಂಗಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಆ ಇಂಜಿನ್ನನ್ನು ಅವಳು ಮುಟ್ಟಿಯೇ ಇರಲಿಲ್ಲ.

"ಇಂಜಿನ್ನೇ ಶುರುವಾಗಿಲ್ಲ, ಆಯಿಲ್ ಪ್ರೆಷರ್ ಎಲ್ಲಿಂದ ಬರತ್ತೆ? ಪ್ರೆಷರ್ ಇಲ್ದಾಗ ಆ ದೀಪ ಉರೀಲೇಬೇಕು. ಬಲ್ಬ್ ಕಿತ್ತು ಎಲ್ಲಿಟ್ಟಿದ್ದೀಯ?"

"ಅದು ಸುಮ್‌ಸುಮ್ನೆ ಉರೀತಿತ್ತು ಕಣೇ. ನೋಡಿದೋರು ಹೆದರ್ಕೋತಾರೆ."

ಅವಳು ಡಬ್ಬಿಯಿಂದ ಹೊಸ ಬಲ್ಬೊಂದನ್ನು ತೆಗೆದು, ಮೀಟರಿನ ಹಿಂದೆ ಕೈ ತೂರಿಸಿ ಸಿಕ್ಕಿಸಿದಳು. ಕೆಂಪು ದೀಪ ಹೊತ್ತಿಕೊಂಡಿತು. ಇಂಜಿನ್ ಶುರು ಮಾಡಿದಳು. ಆರಬೇಕಾಗಿದ್ದ ದೀಪ ಆರಲಿಲ್ಲ; ಎಣ್ಣೆ ಸಿಗದೆ ಒಣಗಿದ ಬೇರಿಂಗುಗಳು ಒಳಗೆ ಕಟಕಟ ಬಡಿದುಕೊಂಡವು. ತಕ್ಷಣ ನಿಲ್ಲಿಸಿದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಹೊರಗಿನವರ ಮುಂದೆ ನನ್ನ ಮಾನ ಕಳೆದೆಯಲ್ಲೇ. ಕೊಡಿಲ್ಲಿ ಕೀಲಿ," ಎಂದು ಅಣ್ಣ ಕೈ ಚಾಚಿದ.

ಅವಳು ಕೀಲಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. "ನಾನು ಕಟ್ಟಿದ್ದು ಅಂದೆಯಲ್ಲ? ಆ ಮಾತು ನಿಜ ಆಗೋವರೆಗೂ ಈ ಕಾರು ಇಲ್ಲಿಂದ ಅಲ್ಲಾಡಲ್ಲ."