ಡೋಲಿನ ಮೊದಲ ಏಟು

"ಗಟ್ಟಿಮೇಳಕ್ಕೆ ಡೋಲು ಮೊದಲು ಬೀಳಬೇಕು ಕಣಯ್ಯ. ನಿನ್ನ ಏಟಿನ ಮೇಲೇ ನಾನು ಊದೋದು. ಪುರೋಹಿತರು ಕೂಗಿದ ಮೇಲೆ ನಿನ್ನ ಕೈ ನೋಡ್ತಾ ಕೂತಿರೋ ಹಂಗಾದ್ರೆ ನನ್ನ ಮಾನ ಹೋಗುತ್ತೆ" ಎಂದರು ನಾದಸ್ವರದ ವೆಂಕಟಸುಬ್ಬಯ್ಯ.

ಮಹದೇವು ಅವರ ತುಟಿಗಳನ್ನೇ ನೋಡುತ್ತಿದ್ದು ತಲೆಯಾಡಿಸಿದ. "ಬುಡಿ ಸ್ವಾಮಿ, ನಂಗೇನು ಹೊಸದಾ" ಎಂದ. ಅಂದದ್ದು ತುಸು ಜೋರಾಯಿತು. ತನ್ನ ದನಿ ಎಷ್ಟೆಂಬುದೂ ಈಗೀಗ ಅವನಿಗೆ ತಿಳಿಯುತ್ತಿರಲಿಲ್ಲ.

ಮೀಸೆ ಮೂಡುವ ಮೊದಲಿನಿಂದ ಬಾರಿಸಿದ ಡೋಲು ಅವನ ಎರಡೂ ಕಿವಿಗಳನ್ನು ನುಂಗಿತ್ತು. ತಾಳ ಮೈಯೊಳಗೇ ಇತ್ತು; ರಾಗ ಎತ್ತ ಹೊರಳಿತೆಂಬುದನ್ನು ಊದುವವರ ಬೆರಳು, ಕೆನ್ನೆ ನೋಡಿ ಹಿಡಿಯುತ್ತಿದ್ದ. ಪುರೋಹಿತರ ಕೂಗು ಮಾತ್ರ ಹೆಂಡತಿ ಪುಟ್ಟತಾಯಿಯ ಪಾಲು. ಮದುವೆ ಮದುವೆಗೂ ಅವಳು ಜೊತೆಗೆ ಬಂದು, ಹೆಂಗಸರ ಸಾಲಿನಲ್ಲಿ ಅವನಿಗೆ ಕಾಣುವಂತೆ ಕೂತು, ಕೂಗು ಎದ್ದ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಳು. ಈ ಗುಟ್ಟು ಇಬ್ಬರದೇ. ವೆಂಕಟಸುಬ್ಬಯ್ಯನವರು ಇವತ್ತು ಅವನ ಕೈ ನೋಡಲೆಂದೇ ಕರೆದಿದ್ದರು. ಒಪ್ಪಿದರೆ ಅವರ ಮೇಳದಲ್ಲಿ ಕಾಯಂ ಜಾಗ. ಕಿವುಡನೆಂದು ಗೊತ್ತಾದರೆ ಮೈಸೂರಿನಲ್ಲಿ ಇನ್ನು ಯಾರೂ ಅವನನ್ನು ಮದುವೆಗೆ ಕರೆಯುವುದಿಲ್ಲ.

ನಂಜುಮಳಿಗೆಯ ಛತ್ರ ತುಂಬಿ ತುಳುಕುತ್ತಿತ್ತು. ಮೇಟಗಳ್ಳಿ ಕಡೆಯಿಂದ ಜಟಕಾಗಳು ಇನ್ನೂ ಬಂದು ನಿಲ್ಲುತ್ತಲೇ ಇದ್ದವು. ಮುಹೂರ್ತ ಹತ್ತಿರವಾಯಿತೆಂದು ಅಕ್ಷತೆಯ ತಟ್ಟೆ ಕೈಯಿಂದ ಕೈಗೆ ಓಡುತ್ತಿತ್ತು. ಆಗ ಮದುಮಗಳ ಅಜ್ಜಿ ಬೋರಮ್ಮ ಸಾಲುಗಳನ್ನು ಸರಿಮಾಡುತ್ತ ಪುಟ್ಟತಾಯಿಯ ಮುಂದೆ ಬಂದು ನಿಂತಳು.

"ಯಾರವ್ವ ನೀನು, ಮುಂದ್ಗಡೆ ಕೂತಿರೋಳು?"

"ಓಲಗದವ್ರ ಮನೆಯೋಳು ಕಣವ್ವ. ಇಲ್ಲೇ ಒಂದು ಮೂಲೇಲಿ ಇರ್ತೀನಿ."

"ಗಂಡಿನ ಕಡೇರೇ ನಿಂತವ್ರೆ, ನಿಂಗೇನವ್ವ ಇಲ್ಲಿ ಪಟ್ಟಾಭಿಷೇಕ? ಏಳು, ಆ ಕಂಬದ ಹಿಂದಕ್ಕೋಗು."

ಹೆಂಗಸರು ನಕ್ಕರು. ಪುಟ್ಟತಾಯಿ ಅಕ್ಷತೆಯ ಮುಷ್ಟಿ ಬಿಗಿಹಿಡಿದು ಎದ್ದಳು.

ಮಹದೇವು ಕಣ್ಣೆತ್ತಿದಾಗ ಅವಳ ಜಾಗದಲ್ಲಿ ಮಗುವನ್ನೆತ್ತಿಕೊಂಡ ಬೇರೊಬ್ಬಳು ಕೂತಿದ್ದಳು. ಹುಡುಕುವಷ್ಟರಲ್ಲಿ ಛತ್ರಕ್ಕೆ ಛತ್ರವೇ ಎದ್ದು ನಿಂತಿತು. ಪುರೋಹಿತರಿಲ್ಲ, ಮಂಟಪವಿಲ್ಲ, ಕಂಡದ್ದೆಲ್ಲ ಬೆನ್ನು, ಪೇಟ, ಮಲ್ಲಿಗೆ ದಂಡೆ. ವೆಂಕಟಸುಬ್ಬಯ್ಯನವರು ನಾದಸ್ವರವನ್ನು ತುಟಿಯ ಹತ್ತಿರ ತಂದು ಅವನ ಕೈಯನ್ನೇ ನೋಡುತ್ತ ಕೂತರು. ಮಹದೇವು ಕೋಲನ್ನು ಮೇಲೆತ್ತಿದ. ಮೊದಲೇ ಬಾರಿಸಿದರೆ ಅಪಚಾರ. ತಡವಾದರೆ ಎಲ್ಲ ಮುಗಿದಂತೆ. ಎತ್ತಿದ ಕೋಲು ಗಾಳಿಯಲ್ಲೇ ನಿಂತಿತು.

ಕಂಬದ ಹಿಂದೆ ಪುಟ್ಟತಾಯಿ ಮಂತ್ರವನ್ನು ಕೇಳುತ್ತಿದ್ದಳು. ಅರ್ಥ ಅವಳಿಗೆ ತಿಳಿಯದು. ಆದರೆ ಅದು ಎಲ್ಲಿ ಏರುತ್ತದೆ, ಎಲ್ಲಿ ಇಳಿದು ಉಸಿರು ತೆಗೆದುಕೊಳ್ಳುತ್ತದೆ ಎಂಬುದನ್ನು ಎಷ್ಟೋ ಮದುವೆಗಳಲ್ಲಿ ಕೇಳಿ ಕೇಳಿ ಬಲ್ಲಳು. ಈಗ ಏರಿತು. ಅವಳು ಕಂಬದ ಕಲ್ಲುಪೀಠ ಹತ್ತಿ, ಒಂದು ಕೈಯಲ್ಲಿ ಕಂಬವನ್ನು ತಬ್ಬಿಕೊಂಡಳು. ಅಲ್ಲಿ ಎತ್ತಿದ ಕೋಲು, ಬೇರೆಲ್ಲೋ ತಡಕಾಡುವ ಗಂಡನ ಕಣ್ಣು. ಸೆರಗೆಳೆದರೆ ಕಾಣದು. ಕೂಗಿದರೆ ಇಡೀ ಛತ್ರಕ್ಕೆ ಕೇಳೀತು, ಕೇಳಬೇಕಾದವನಿಗೆ ಕೇಳದು. ಮಂತ್ರ ಇಳಿಯಿತು. ಪುರೋಹಿತರು ಉಸಿರೆಳೆದುಕೊಂಡರು.

"ತಾಯಿ ಚಾಮುಂಡಿ" ಎಂದವಳೇ ಮುಷ್ಟಿಯ ಅಕ್ಷತೆಯನ್ನು ಬೀಸಿ ಎಸೆದಳು.

ಪೇಟಗಳ ಮೇಲೆ, ದಂಡೆಗಳ ಮೇಲೆ ಹಾರಿ ಅರಿಶಿನದ ಕಾಳು ಮಹದೇವುವಿನ ಬರಿದೋಳಿಗೆ ಚುರುಕ್ಕೆಂದು ಬಡಿಯಿತು. ಮದುಮಕ್ಕಳನ್ನು ಬಿಟ್ಟು ಡೋಲಿನವನಿಗೆ ಅಕ್ಷತೆ ಹಾಕುವವರು ಯಾರು? ಇಷ್ಟು ಬಿರುಸಾಗಿ ಹಾಕುವವರು ಇನ್ಯಾರು? ಕೋಲು ಬಿತ್ತು. ಗಟ್ಟಿಮೇಳವೆಂಬ ಕೂಗೂ ಡೋಲೂ ಒಟ್ಟಿಗೇ ಎದ್ದವು. ನಾದಸ್ವರ ಹಿಂದೆಯೇ ಹಾರಿ ಬಂತು. ತಾಳಿಗೆ ಗಂಟು ಬಿತ್ತು, ನೂರು ಮುಷ್ಟಿಗಳು ಬಿಚ್ಚಿದವು, ಛತ್ರವೆಲ್ಲ ಹಳದಿಯಾಯಿತು. ಮಹದೇವು ಕೂತ ಹಲಗೆ ಅದುರುವಂತೆ ಬಾರಿಸಿದ. ಆ ಅದುರು ಬೆನ್ನುಹುರಿ ಹತ್ತಿ ನೆತ್ತಿಗೇರಿತು.

ಮೇಳ ನಿಂತಾಗ ವೆಂಕಟಸುಬ್ಬಯ್ಯನವರು ಅವನ ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. "ಅವ್ರು ಬಾಯಿ ತೆಗೆಯೋದ್ರೊಳಗೆ ಬಿತ್ತಲ್ಲಯ್ಯ ಏಟು. ಎಂಥಾ ಕಿವಿಯಯ್ಯ ನಿಂದು. ನಾಳಿದ್ದು ಹೂಟಗಳ್ಳಿ ಮದುವೆಗೂ ನೀನೇ ಬಾ."

ಜನ ಒಬ್ಬೊಬ್ಬರಾಗಿ ಕೂರತೊಡಗಿದರು. ಬೋರಮ್ಮ ಮಾತ್ರ ಕಂಬದ ಬುಡದಲ್ಲಿ ಪುಟ್ಟತಾಯಿಯ ರಟ್ಟೆ ಹಿಡಿದಿದ್ದಳು.

"ತಾಳಿ ಕಟ್ಟೋಕ್ಮುಂಚೆ ಅಕ್ಷತೆ ಎರಚಿದ್ದು ಇವಳೇ ಕಣ್ರಪ್ಪ. ಕಂಬ ಹತ್ಕೊಂಡು ಎರಚಿದ್ಲು, ನಾನೇ ಕಂಡೆ. ಯಾಕೆ ಎರಚ್ದೆ, ಬಾಯ್ಬುಡು."

"ಕೈ ತಡೀನಿಲ್ಲ ಕಣವ್ವ."

"ಕೈ ತಡೀನಿಲ್ವಾ? ನನ್ನ ಮೊಮ್ಮಗಳ ಬಾಳು ನಿನ್ನ ಕೈ ಆಟವಾ? ಕೇಳುದ್ರಾ ಪುರೋಹಿತ್ರೇ, ಇವಳು ಹೇಳೋದ?"

ಪುಟ್ಟತಾಯಿ ರಟ್ಟೆ ಬಿಡಿಸಿಕೊಳ್ಳಲು ನೋಡಿದಳು. ಕಾರಣ ಹೇಳಿದರೆ ಗಂಡನ ಅನ್ನ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಮಹದೇವುವಿಗೆ ಎಲ್ಲ ಕಾಣುತ್ತಿತ್ತು. ಮುದುಕಿಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವಳ ಬೆರಳು ಹೆಂಡತಿಯ ಮೂಗಿಗೆ ತಾಗುವಂತಿತ್ತು. ಅವನು ಕೋಲನ್ನೆತ್ತಿ, ಯಾರೂ ಕರೆಯದ ಗಟ್ಟಿಮೇಳವನ್ನು ಇನ್ನೊಮ್ಮೆ ಶುರು ಮಾಡಿದ. ವೆಂಕಟಸುಬ್ಬಯ್ಯನವರು ಬೆಚ್ಚಿ ನೋಡಿದರು. ಆದರೂ ಡೋಲು ಬಿದ್ದಮೇಲೆ ಸುಮ್ಮನಿರುವುದು ಅವರ ಪದ್ಧತಿಯಲ್ಲ, ಕೆನ್ನೆಯುಬ್ಬಿಸಿ ಊದಿದರು. ಬೋರಮ್ಮ ಕತ್ತಿನ ನರ ಬಿಗಿದು ಕೂಗುತ್ತಲೇ ಇದ್ದಳು. ಪುರೋಹಿತರು ಕಿವಿಗೆ ಅಂಗೈಯಾನಿಸಿ ನೋಡಿ, ಏನೂ ಕೇಳಿಸುತ್ತಿಲ್ಲವೆಂದು ಅವಳತ್ತ ಕೈಯಲ್ಲಾಡಿಸಿದರು.